ಡೇರೆಗೂ ಬೇಕು ಗೃಹಿಣಿಯ ಕೈ

ದಸರಾ ರಜೆ ಹತ್ತಿರ ಬಂತೆಂದರೆ ಮಕ್ಕಳ ಬಾಯಲ್ಲಿ ಶಿಬಿರದ ಮಾತೇ ಮಾತು. ಸ್ಕೌಟ್ ಶಿಬಿರ, ಗೈಡ್ ಶಿಬಿರ, ಚಾರಣ, ಹೊಳೆ ದಂಡೆಯಲ್ಲಿ ಒಂದು ರಾತ್ರಿ! ಮಗ ಕೇಳಿದರೆ "ಹೋಗಿ ಬಾರೋ, ಜೋಪಾನ" ಎಂದು ಚೀಲ ಕಟ್ಟಿಕೊಟ್ಟು ಕಳಿಸಿಬಿಡುತ್ತೇವೆ. ಮಗಳು ಕೇಳಿದಾಗ ಮಾತ್ರ ಮನಸ್ಸು ಹಿಂಜರಿಯುತ್ತದೆ. ಮಳೆ ಬಂದರೆ? ನೆಲ ತಣ್ಣಗಾಗಿ ಶೀತ ಹಿಡಿದರೆ? ಹುಳ ಹುಪ್ಪಟೆ ಒಳಗೆ ಬಂದರೆ? ಬಟ್ಟೆ ಬದಲಿಸಲು ಮರೆ ಎಲ್ಲಿ? ಕೊನೆಗೆ "ಮುಂದಿನ ವರ್ಷ ನೋಡೋಣ ಕಣೇ" ಎಂದು ಸಾಗಹಾಕುತ್ತೇವೆ. ಆ ಮುಂದಿನ ವರ್ಷ ಬರುವಷ್ಟರಲ್ಲಿ ಎಸ್.ಎಸ್.ಎಲ್.ಸಿ. ಬಂದಿರುತ್ತದೆ, ಶಿಬಿರದ ಮಾತು ಅಲ್ಲಿಗೆ ಮುಗಿಯುತ್ತದೆ.

ತಾಯಂದಿರ ಈ ಪ್ರಶ್ನೆಗಳು ನ್ಯಾಯವಾದವೇ. ಆದರೆ ಒಂದೊಂದಕ್ಕೂ ಉತ್ತರ ದೂರದಲ್ಲೇನೂ ಇಲ್ಲ. ಬಹುಪಾಲು ನಮ್ಮ ಹೊಲಿಗೆ ಪೆಟ್ಟಿಗೆಯಲ್ಲಿ, ಅಟ್ಟದ ಮೇಲಿನ ಹಳೆಯ ಸಾಮಾನಿನಲ್ಲಿ, ಬಣ್ಣಗೆಟ್ಟ ಸೀರೆಯ ಗಂಟಿನಲ್ಲಿ ಇದೆ. ಅಂಗಡಿಯಲ್ಲಿ ಸಿಗುವ ಡೇರೆಯನ್ನು ಹೊಲಿದವರಿಗೆ ಅದರೊಳಗೆ ಯಾರು ಮಲಗುತ್ತಾರೆಂದು ಗೊತ್ತಿಲ್ಲ. ನಮಗೆ ಗೊತ್ತು. ಕೊಂಡು ತಂದ ರವಿಕೆಯನ್ನು ಮೈಗೆ ತಕ್ಕಂತೆ ಹಿಡಿದು ಹೊಲಿಯುವುದಿಲ್ಲವೇ? ಹಾಗೆಯೇ ಇದು.

ದರ್ಜಿಯೊಬ್ಬ ಹೊಲಿದ ಡೇರೆ

ಡೇರೆ ಎಂದರೆ ದಂಡಿನವರದು, ಸಿನಿಮಾದವರದು, ನಾಟಕ ಕಂಪನಿಯವರದು ಎಂದು ನಮ್ಮ ಹಿರಿಯರ ಲೆಕ್ಕ. ಸಂಸಾರಸ್ಥರು ಖುಷಿಗಾಗಿ ಡೇರೆಯಲ್ಲಿ ಮಲಗುವ ಹವ್ಯಾಸಕ್ಕೆ ಇಂಗ್ಲೆಂಡಿನಲ್ಲಿ ದಾರಿ ತೋರಿದವನು ಥಾಮಸ್ ಹೈರಮ್ ಹೋಲ್ಡಿಂಗ್. ಅವನ ಕಸುಬು ಯಾವುದು ಗೊತ್ತೇ? ದರ್ಜಿ! 1853ರಲ್ಲಿ ಇನ್ನೂ ಬಾಲಕನಾಗಿದ್ದಾಗ ತಂದೆ ತಾಯಿಯರ ಜೊತೆ ಅಮೆರಿಕದ ಹುಲ್ಲುಗಾವಲುಗಳನ್ನು ಬಂಡಿಸಾಲಿನಲ್ಲಿ ದಾಟಿದವನು. ದೊಡ್ಡವನಾದ ಮೇಲೆ ಸೈಕಲ್ಲಿಗೆ ಕಟ್ಟಿ ಒಯ್ಯಬಹುದಾದ ಹಗುರ ಡೇರೆ, ಹಗುರ ಸಾಮಾನುಗಳನ್ನು ತಾನೇ ರೂಪಿಸಿಕೊಂಡ. 1901ರಲ್ಲಿ ಸೈಕಲ್ ಶಿಬಿರಿಗರ ಸಂಘ ಕಟ್ಟಿದ. 1908ರಲ್ಲಿ ಶಿಬಿರದ ಬಗ್ಗೆ ದೊಡ್ಡ ಕೈಪಿಡಿಯನ್ನೇ ಬರೆದ. ಸೂಜಿ ದಾರ ಬಲ್ಲವನ ಕೈಯಿಂದ ಬೆಳೆದ ಹವ್ಯಾಸ ಇದು. ನಮಗೆ ಪರಕೀಯವಾಗುವುದಾದರೂ ಹೇಗೆ?

ಈಗಿನ ಗುಮ್ಮಟದಾಕಾರದ ಡೇರೆಯ ಗುಟ್ಟೂ ನಮಗೆ ಹೊಸದಲ್ಲ. ಕಮಾನು ಗಾಡಿ ನೆನಪಿದೆಯೇ? ಬಿದಿರ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿದರೆ ಜಾತ್ರೆಗೆ ಹೊರಟ ಸಂಸಾರಕ್ಕೆ ಅದೇ ಮನೆ. ಡೇರೆಯಲ್ಲಿ ಬಿದಿರಿನ ಬದಲು ಫೈಬರ್ ಕೋಲು, ಚಾಪೆಯ ಬದಲು ಪಾಲಿಯೆಸ್ಟರ್ ಬಟ್ಟೆ, ಅಷ್ಟೇ.

ಕೊಳ್ಳುವಾಗ ಒಂದು ಮಾತು. ನಾಲ್ಕು ಜನರ ಡೇರೆ ಎಂದು ಚೀಟಿಯಲ್ಲಿ ಬರೆದಿದ್ದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ ಮಲಗಬಹುದು ಎಂದರ್ಥ. ಚೀಲ ಇಡಲು, ಮಗು ಹೊರಳಲು ಜಾಗ ಬೇಡವೇ? ಇಬ್ಬರು ದೊಡ್ಡವರು, ಒಂದು ಮಗು ಎಂದೇ ಲೆಕ್ಕ ಇಟ್ಟುಕೊಳ್ಳಿ. ಅದೇ ಚೀಟಿಯಲ್ಲಿ 1000 ಮಿ.ಮೀ., 1500 ಮಿ.ಮೀ. ಎಂದೂ ಇರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರದು ಎಂಬುದು ಅದರ ಅರ್ಥ. ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ನಾವು ಮೊಣಕಾಲೂರುವ ನೆಲದ ಬಟ್ಟೆಗಂತೂ ಹೆಚ್ಚೇ ಬೇಕು.

ಡೇರೆಯೊಳಗೆ ತೇವ ಮೂರು ಕಡೆಯಿಂದ ಬರುತ್ತದೆ: ಕೆಳಗಿನ ನೆಲದಿಂದ, ಮೇಲಿನ ಆಕಾಶದಿಂದ, ಮತ್ತು ಒಳಗಿರುವ ನಮ್ಮದೇ ಉಸಿರಿನಿಂದ. ಮೊದಲ ಎರಡನ್ನು ಎಲ್ಲರೂ ನೆನಪಿಡುತ್ತಾರೆ. ಮೂರನೆಯದನ್ನು ಮರೆಯುತ್ತಾರೆ. ಅಪಾಯ ಇರುವುದೂ ಅಲ್ಲೇ. ಒಂದೊಂದಾಗಿ ನೋಡೋಣ.

ನೆಲಕ್ಕೆ ಅಡಿಹಾಸು

ಡೇರೆಯ ತಳ ತೆಳುವಾದ ಬಟ್ಟೆ. ಒಂದು ಕಾರೆಮುಳ್ಳು, ಒಂದು ಚೂಪುಗಲ್ಲು ಸಾಕು, ತೂತಾಗುತ್ತದೆ. ಆದ್ದರಿಂದ ಡೇರೆಯ ಕೆಳಗೆ ಹಾಸಲು ಒಂದು ಅಡಿಹಾಸು ಮೊದಲು ಸಿದ್ಧವಾಗಲಿ. ಟಾರ್ಪಾಲಿನ ತುಂಡಿದ್ದರೆ ಸರಿ. ಇಲ್ಲದಿದ್ದರೆ ಅಕ್ಕಿಯ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ, ತೊಳೆದು ಒಣಗಿಸಿ, ಒಂದಕ್ಕೊಂದು ಸೇರಿಸಿ ಗೋಣಿ ಸೂಜಿಯಿಂದ ಹೊಲಿಯಿರಿ. ಮೇಲೆ ಒಂದು ಪದರ ಪಾಲಿಥೀನ್ ಹಾಳೆ ಹಾಸಿದರೆ ತೇವವೂ ಏರದು.

ಇಲ್ಲಿ ಅಳತೆ ಮುಖ್ಯ. ಅಡಿಹಾಸು ಡೇರೆಯ ತಳಕ್ಕಿಂತ ನಾಲ್ಕೂ ಕಡೆ ಎರಡೆರಡು ಅಂಗುಲ ಚಿಕ್ಕದಿರಬೇಕು. ತಳ 7 ಅಡಿಗೆ 8 ಅಡಿ ಇದ್ದರೆ ಅಡಿಹಾಸು 6 ಅಡಿ 8 ಅಂಗುಲಕ್ಕೆ 7 ಅಡಿ 8 ಅಂಗುಲ. "ದೊಡ್ಡದಿದ್ದರೆ ಒಳ್ಳೇದಲ್ವಾ?" ಅಂತೀರಾ? ಅಲ್ಲ. ಹೊರಗೆ ಚಾಚಿದ ಅಂಚು ಮಳೆನೀರನ್ನು ತಟ್ಟೆಯಂತೆ ಹಿಡಿದು ಡೇರೆಯ ಕೆಳಗೇ ತಂದು ನಿಲ್ಲಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಿರುವುಮುರುವು. ಡೇರೆ ಇದ್ದಷ್ಟೂ ಹಾಸಿಗೆ ಚಾಚಬಾರದು!

ಒಳಗಿನ ಹಾಸಿಗೆಗೆ ಒಂದು ಕಿವಿಮಾತು. ಚಳಿ ಮೇಲಿನಿಂದ ಬರುತ್ತದೆಂದು ಎಲ್ಲ ಹೊದಿಕೆಯನ್ನೂ ಮೇಲೆ ಹೊದೆಯುತ್ತೇವೆ. ನಿಜವಾಗಿ ಮೈಯ ಬಿಸಿಯನ್ನು ನೆಲವೇ ಹೆಚ್ಚು ಹೀರುತ್ತದೆ. ಎರಡು ಕಂಬಳಿ ಇದ್ದರೆ ಒಂದು ಕೆಳಗಿರಲಿ. ಚಾಪೆ, ಅದರ ಮೇಲೆ ನಾಲ್ಕು ಪದರ ಹಳೆಯ ಪತ್ರಿಕೆ, ಅದರ ಮೇಲೆ ಕಂಬಳಿ, ಕೊನೆಗೆ ಹಳೆ ಸೀರೆಯ ಕೌದಿ. ಹೀಗೆ ಹಾಸಿದರೆ ಮಾಗಿಯ ಚಳಿಯಲ್ಲೂ ಮಗು ಬೆಚ್ಚಗೆ ಮಲಗೀತು.

ಸೋರುವುದು ಬಟ್ಟೆಯಲ್ಲ, ಹೊಲಿಗೆ

ಡೇರೆ ಸೋರಿದರೆ ಬಟ್ಟೆಯನ್ನು ಬೈಯುತ್ತೇವೆ. ಹೊಲಿಗೆ ಯಂತ್ರ ಬಲ್ಲವರಿಗೆ ನಿಜ ಗೊತ್ತು: ಸೂಜಿ ಇಳಿದಲ್ಲೆಲ್ಲ ಒಂದು ತೂತು. ಒಂದು ಮಾರುದ್ದದ ಹೊಲಿಗೆಯಲ್ಲಿ ನೂರಾರು ತೂತುಗಳು. ಚೆನ್ನಾಗಿ ತಯಾರಾದ ಡೇರೆಗಳಲ್ಲಿ ಹೊಲಿಗೆಯ ಮೇಲೆ ಒಳಗಿನಿಂದ ಪಟ್ಟಿ ಅಂಟಿಸಿರುತ್ತಾರೆ. ಅಗ್ಗದವುಗಳಲ್ಲಿ ಇರುವುದಿಲ್ಲ, ಅಥವಾ ಎರಡು ವರ್ಷಕ್ಕೆ ಕಿತ್ತುಬರುತ್ತದೆ.

ಮೊದಲು ಪರೀಕ್ಷೆ. ತಾರಸಿಯಲ್ಲೋ ಅಂಗಳದಲ್ಲೋ ಡೇರೆ ನಿಲ್ಲಿಸಿ. ಗಿಡಕ್ಕೆ ನೀರು ಹಾಕುವ ಪೈಪಿನಿಂದ ಹತ್ತು ಹದಿನೈದು ನಿಮಿಷ ಮೇಲೆ ನೀರು ಬಿಡಿ. ಮಕ್ಕಳು ಟಾರ್ಚು ಹಿಡಿದು ಒಳಗೆ ಕುಳಿತು, ತೊಟ್ಟಿಕ್ಕುವ ಕಡೆಯಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಲಿ. ಈ ಕೆಲಸಕ್ಕೆ ಅವರನ್ನು ಕರೆಯಬೇಕೆಂದೂ ಇಲ್ಲ, ತಾವೇ ಓಡಿಬರುತ್ತಾರೆ.

ಚೆನ್ನಾಗಿ ಒಣಗಿದ ಮೇಲೆ ಹೊಲಿಗೆಗೆ ಹಚ್ಚುವ ಅಂಟನ್ನು ಸಣ್ಣ ಕುಂಚದಿಂದ ಹಚ್ಚಿ. ಕೊಳ್ಳುವ ಮುನ್ನ ಬಟ್ಟೆಯ ಲೇಪ ಯಾವುದೆಂದು ಚೀಟಿ ನೋಡಿ. ಪಿ.ಯು. ಲೇಪಕ್ಕೆ ಪಿ.ಯು. ಅಂಟು, ಸಿಲಿಕೋನ್ ಲೇಪಕ್ಕೆ ಸಿಲಿಕೋನ್ ಅಂಟು. ಒಂದಕ್ಕೆ ಇನ್ನೊಂದು ಹಿಡಿಯುವುದಿಲ್ಲ, ಒಣಗಿದ ಮೇಲೆ ಸುಲಿದು ಬರುತ್ತದೆ. ಕಡಮೆ ಬೆಲೆಯ ಡೇರೆಗಳಲ್ಲಿ ಸಾಮಾನ್ಯವಾಗಿ ಇರುವುದು ಪಿ.ಯು. ಲೇಪ. ಅದನ್ನು ಬಟ್ಟೆಯ ಒಳಮೈಗೆ ಹಚ್ಚಬೇಕು. ಇಡೀ ದಿನ ಒಣಗಲು ಬಿಟ್ಟು, ಹೊಲಿಗೆಗಳ ಮೇಲೆ ತುಸು ಟಾಲ್ಕಂ ಪೌಡರ್ ಉದುರಿಸಿ ಮಡಚಿ. ಆಗ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ನಿಮ್ಮದು ಹತ್ತಿಯ ಕ್ಯಾನ್ವಾಸ್ ಡೇರೆಯಾದರೆ ದಾರಿ ಬೇರೆ. ಹೊಸ ಕ್ಯಾನ್ವಾಸನ್ನು ಶಿಬಿರಕ್ಕೆ ಮುನ್ನ ಒಂದೆರಡು ಸಲ ಪೂರ್ತಿ ನೆನೆಸಿ ಒಣಗಿಸಿ. ನೂಲು ಉಬ್ಬಿ ಸೂಜಿಯ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹೊಲಿಗೆಯ ಮೇಲೆ ಜೇನುಮೇಣವನ್ನೋ ಮೇಣದಬತ್ತಿಯನ್ನೋ ಉಜ್ಜಿ. ಮಳೆಯಲ್ಲಿ ನೆಂದ ಕ್ಯಾನ್ವಾಸನ್ನು ಒಳಗಿನಿಂದ ಬೆರಳು ತಾಗಿಸಿ ನೋಡಬೇಡಿ. ಮುಟ್ಟಿದ ಕಡೆಯೇ ನೀರು ಇಳಿಯಲು ಶುರುವಾಗುತ್ತದೆ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ!

ಸೆರಗಿನ ಗಂಟು, ಗೋಲಿಯ ಗಂಟು

ಮೇಲ್ಹೊದಿಕೆಗೆ ಇನ್ನೊಂದು ಹಗ್ಗ ಕಟ್ಟಬೇಕು, ಆದರೆ ಕೊಂಡಿ ಇಲ್ಲ. ಹೊಲಿದರೆ ಮತ್ತೆ ತೂತು. ಆಗೇನು ಮಾಡುವುದು? ನಮ್ಮ ಅಜ್ಜಿಯಂದಿರು ಸೆರಗಿನ ತುದಿಯಲ್ಲಿ ಕಾಸು ಕಟ್ಟಿಕೊಳ್ಳುತ್ತಿದ್ದರಲ್ಲ, ಅದೇ ಉಪಾಯ. ಮಕ್ಕಳ ಆಟದ ಗೋಲಿಯೊಂದನ್ನು ಬಟ್ಟೆಯ ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿಯಿರಿ. ಹೊರಗೆ ಉಬ್ಬಿದ ಗೋಲಿಯ ಕುತ್ತಿಗೆಗೆ ಹಗ್ಗದಿಂದ ಬಿಗಿಯಾಗಿ ಗಂಟು ಹಾಕಿ. ತೂತಿಲ್ಲ, ಹೊಲಿಗೆ ಇಲ್ಲ, ಎಷ್ಟು ಎಳೆದರೂ ಜಾರದು. ಬೇಡವಾದಾಗ ಬಿಚ್ಚಿದರಾಯಿತು. ಗೋಲಿ ನುಣ್ಣಗಿರಬೇಕು, ಒಡೆದದ್ದಾಗಲಿ ಚೂಪಾದ ಕಲ್ಲಾಗಲಿ ಬೇಡ.

ಹಗ್ಗಗಳಿಗೂ ಗುಣಗಳಿವೆ. ಹತ್ತಿ, ಸೆಣಬಿನ ಹಗ್ಗ ನೆಂದರೆ ಬಿಗಿಯುತ್ತದೆ, ಗೂಟವನ್ನೇ ಕಿತ್ತೀತು. ಆದ್ದರಿಂದ ಮಳೆಯ ಸೂಚನೆ ಕಂಡರೆ ತುಸು ಸಡಿಲಿಸಿ. ನೈಲಾನ್ ಹಗ್ಗ ನೆಂದರೆ ಜೋಲುತ್ತದೆ, ಅದನ್ನು ಎಳೆದು ಕಟ್ಟಬೇಕು. ಈ ಪೇಚಾಟವೇ ಬೇಡವೆಂದರೆ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದು, ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಅರ್ಧರ್ಧ ಅಂಗುಲದ ಬಳೆಗಳಾಗಿ ಕತ್ತರಿಸಿ. ಹಗ್ಗಕ್ಕೂ ಗೂಟಕ್ಕೂ ನಡುವೆ ಒಂದೊಂದು ಬಳೆ ಹಾಕಿ. ಗಾಳಿ ಬೀಸಿದಾಗ ರಬ್ಬರು ಎಳೆದುಕೊಳ್ಳುತ್ತದೆ, ನಿಂತಾಗ ಹಿಂದಕ್ಕೆ ಬರುತ್ತದೆ. ಬಟ್ಟೆ ಹರಿಯುವುದಿಲ್ಲ.

ಡೇರೆಯ ಜೊತೆ ಬರುವ ಗೂಟಗಳು ನಮ್ಮ ಗಟ್ಟಿ ನೆಲಕ್ಕೆ ಮಣಿದು ಬಾಗುತ್ತವೆ. ಮರಗೆಲಸದವರು ಬಳಸುವ 6 ಅಂಗುಲದ ಮೊಳೆಗಳು ವಾಸಿ. ಮೊಳೆಯ ತಲೆ ಡೇರೆಯಿಂದ ಹೊರಕ್ಕೆ ವಾಲಿರುವಂತೆ ಓರೆಯಾಗಿ ಹೊಡೆಯಿರಿ. ಕಡಲ ದಂಡೆಯ ಮರಳಿನಲ್ಲಿ ಯಾವ ಗೂಟವೂ ನಿಲ್ಲದು. ಅಲ್ಲಿಗೆ ಹಳೆ ಪ್ಯಾಂಟಿನ ಕಾಲನ್ನು ಕತ್ತರಿಸಿ ಹೊಲಿದ ಚೀಲಗಳು ಬೇಕು. ಅವಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಹಗ್ಗ ಬಿಗಿದು, ಒಂದಡಿ ಆಳದಲ್ಲಿ ಹೂತುಬಿಡಿ.

ಕತ್ತಲಲ್ಲಿ ಹಗ್ಗ ಕಾಣದೆ ಮಕ್ಕಳು ಎಡವಿ ಬೀಳುವುದು ಶಿಬಿರದಲ್ಲಿ ಮಾಮೂಲು. ಪ್ರತಿ ಹಗ್ಗಕ್ಕೂ ಬಿಳಿ ಪಂಚೆಯ ಗೇಣುದ್ದದ ಚಿಂದಿ ಕಟ್ಟಿ. ಖರ್ಚಿಲ್ಲದ ಕೆಲಸ, ಹಲ್ಲು ಉಳಿಸುವ ಕೆಲಸ.

ಮೇಲೊಂದು ಸೂರು, ಮುಂದೊಂದು ಜಗಲಿ

ಅಟ್ಟವಿರುವ ಹಂಚಿನ ಮನೆ ಬೇಸಿಗೆಯಲ್ಲೂ ತಂಪಾಗಿರುತ್ತದೆ. ಹಂಚಿಗೂ ಅಟ್ಟಕ್ಕೂ ನಡುವಿನ ಗಾಳಿಯೇ ಅದಕ್ಕೆ ಕಾರಣ. ಡೇರೆಗೂ ಇದೇ ನ್ಯಾಯ. ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಟಾರ್ಪಾಲು ಹಾಕಿ, ಡೇರೆಯ ನೆತ್ತಿಯಿಂದ ಒಂದಡಿ ಮೇಲೆ ನಿಲ್ಲುವಂತೆ ನಾಲ್ಕು ಮೂಲೆ ಎಳೆದು ಕಟ್ಟಿ. ಬಿಸಿಲಿಗೆ ನೆರಳು, ಮಳೆಗೆ ಎರಡನೆಯ ಸೂರು. ಅಗ್ಗದ ಡೇರೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಟಾರ್ಪಾಲನ್ನು ಮುಂದೆ ನಾಲ್ಕಡಿ ಚಾಚಿದರೆ ಅದೇ ಜಗಲಿ. ಕೆಸರಿನ ಚಪ್ಪಲಿ, ಒದ್ದೆ ಬಟ್ಟೆ, ನೀರಿನ ಕೊಡ ಎಲ್ಲ ಅಲ್ಲಿ. ಬಾಗಿಲಲ್ಲಿ ಗೋಣಿಚೀಲದ ಕಾಲೊರಸು ಹಾಸಿ. ಒಳಗೆ ಬರುವ ಮುನ್ನ ಕಾಲು ಒರೆಸುವ ಪಾಠ ಮನೆಯಲ್ಲಿ ಕಲಿಯದ ಮಕ್ಕಳು ಡೇರೆಯಲ್ಲಿ ಕಲಿಯುತ್ತಾರೆ.

ಮುರಿದ ಛತ್ರಿಯನ್ನು ಬಿಸಾಡಬೇಡಿ. ಅದರ ಬಟ್ಟೆಯಿಂದ ತೇಪೆಯೂ ಆಯಿತು, ಒದ್ದೆ ಸಾಮಾನಿನ ಚೀಲವೂ ಆಯಿತು.

ಆದರೆ ಸಿಡಿಲಿಗೆ ಮಾತ್ರ ಈ ಸೂರು ರಕ್ಷಣೆಯಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಮಳೆ ಗುಡುಗಿನೊಂದಿಗೇ ಬರುತ್ತದೆ. ಗುಡುಗು ಕೇಳಿದೊಡನೆ ಡೇರೆ ಬಿಟ್ಟು ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನದೊಳಕ್ಕೋ ಹೋಗಬೇಕು. ಒಂಟಿ ಮರದ ಕೆಳಗೆ, ತೆಂಗಿನ ಮರದ ಕೆಳಗೆ, ಬತ್ತಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಲೇಬಾರದು.

ಉಸಿರಿಗೆ ದಾರಿ ಬಿಡಿ

ಈಗ ಮೂರನೆಯ ತೇವದ ಮಾತು. ಬೆಳಿಗ್ಗೆ ಎದ್ದರೆ ಡೇರೆಯ ಒಳಮೈಯೆಲ್ಲ ಹನಿ ಹನಿ. "ರಾತ್ರಿ ಮಳೆಯೇ ಬರಲಿಲ್ಲ, ಸೋರಿದ್ದು ಹೇಗೆ?" ಎಂದು ಆಶ್ಚರ್ಯ. ಅದು ಸೋರಿದ್ದಲ್ಲ. ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವುದಿಲ್ಲವೇ? ಮಲಗಿದ ಒಬ್ಬೊಬ್ಬರ ಉಸಿರು, ಬೆವರಿನಿಂದ ರಾತ್ರಿಯಿಡೀ ಒಂದು ಲೋಟದಷ್ಟಾದರೂ ನೀರು ಆವಿಯಾಗಿ ಹೋಗುತ್ತದೆ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮೂರು ಜನ ಮಲಗಿದರೆ ಮೂರು ಲೋಟ!

ಚಳಿಯೆಂದು ಎಲ್ಲ ಕಿಂಡಿ ಮುಚ್ಚಿದಷ್ಟೂ ಇದು ಹೆಚ್ಚು. ಹೊದಿಕೆ ತೇವವಾಗಿ ಚಳಿಯೂ ಹೆಚ್ಚು. ಆದ್ದರಿಂದ ಮೇಲಿನ ಕಿಂಡಿ ಸದಾ ತೆರೆದಿರಲಿ. ಅದರ ರೆಪ್ಪೆ ಮುಚ್ಚಿಕೊಳ್ಳದಂತೆ ಆರು ಅಂಗುಲದ ಬಿದಿರ ಕಡ್ಡಿಯ ಎರಡೂ ತುದಿಗೆ ಬಟ್ಟೆ ಸುತ್ತಿ ಊರುಗೋಲು ಕೊಡಿ. ಕೆಳಗೆ ಬಾಗಿಲಿನ ಸೊಳ್ಳೆಪರದೆ ಮಾತ್ರ ಮುಚ್ಚಿ, ಹೊರಗಿನ ಬಟ್ಟೆಯನ್ನು ಗೇಣಗಲ ತೆರೆದಿಡಿ. ತಣ್ಣನೆ ಗಾಳಿ ಕೆಳಗಿನಿಂದ ಬಂದು ಬಿಸಿ ಆವಿ ಮೇಲಿನಿಂದ ಹೋಗುತ್ತದೆ.

ಹನಿ ಮೈಮೇಲೆ ಬೀಳದಿರಲು ಹಳೆಯ ಹತ್ತಿ ಸೀರೆಯ ಚಪ್ಪರ ಮಾಡಿ. ಒಳಗಿನ ಕೊಂಡಿಗಳಿಗೆ ಲಾಡಿಯಿಂದ ಕಟ್ಟಿ, ಬಟ್ಟೆಯಿಂದ ನಾಲ್ಕು ಬೆರಳು ಕೆಳಗೆ ಇಳಿಬಿಡಿ. ಬಿದ್ದ ಹನಿಯನ್ನು ಸೀರೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲಿಗೆ ಹಾಕಿದರೆ ಒಣಗುತ್ತದೆ.

ಇನ್ನು, ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ. ಡೇರೆಯೊಳಗೆ ಇದ್ದಿಲು ಒಲೆ, ಅಗ್ಗಿಷ್ಟಿಕೆ, ಸ್ಟವ್ ಯಾವುದೂ ಬೇಡ. ಉರಿ ಆರಿ ಬೂದಿ ಮುಚ್ಚಿದ ಕೆಂಡವೂ ಬೇಡ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಮುಚ್ಚಿದ ಕೋಣೆಗೆ ಹೇಗೋ ಮುಚ್ಚಿದ ಡೇರೆಗೂ ಹಾಗೇ. ಕಿಂಡಿ ತೆರೆದಿದೆ ಎಂಬ ಧೈರ್ಯವೂ ಬೇಡ. ಚಳಿ ತಡೆಯದಿದ್ದರೆ ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗೆ ಕಾಲುಚೀಲ ತೊಡಿಸಿ, ಹೊದಿಕೆಯೊಳಗೆ ಕಾಲ ಬಳಿ ಇಟ್ಟುಕೊಳ್ಳಿ. ಮೇಣದಬತ್ತಿ, ಸೊಳ್ಳೆಬತ್ತಿಯೂ ಒಳಗೆ ಬೇಡ. ಪಾಲಿಯೆಸ್ಟರ್ ಬಟ್ಟೆ ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ಮರೆ ಮತ್ತು ಬೆಳಕು

ಹೆಣ್ಣುಮಕ್ಕಳ ತಾಯಂದಿರು ಕೇಳಲು ಸಂಕೋಚ ಪಡುವ ವಿಷಯ ಇದು. ರಾತ್ರಿ ಡೇರೆಯೊಳಗೆ ದೀಪ ಹಚ್ಚಿದರೆ ಒಳಗಿನವರ ನೆರಳು ಹೊರಗಿನವರಿಗೆ ತೊಗಲುಗೊಂಬೆಯಾಟದ ಪರದೆಯಂತೆ ಕಾಣುತ್ತದೆ! ಒಳಗಿರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಬಟ್ಟೆ ಬದಲಿಸುವಾಗ ದೀಪ ಆರಿಸಬೇಕೆಂದು ಮಗಳಿಗೆ ಮೊದಲೇ ಹೇಳಿಕೊಡಿ. ದಟ್ಟ ಬಣ್ಣದ ಸೀರೆಯೊಂದನ್ನು ಒಂದು ಮಗ್ಗುಲಿಗೆ ಇಳಿಬಿಟ್ಟರೆ ಇನ್ನೂ ವಾಸಿ. ಅದಕ್ಕೆ ಮೇಲೆ ಲಾಡಿ ಸೇರುವಷ್ಟು ಮಡಿಕೆ ಹೊಲಿದು, ನಡುನಡುವೆ ಟಿಚ್ ಬಟನ್ ಹಾಕಿದರೆ ಬೇಕಾದಾಗ ಮರೆ, ಬೇಡವಾದಾಗ ಸುತ್ತಿ ಕಟ್ಟುವ ಪರದೆ.

ದೀಪಕ್ಕೆ ಒಂದು ಸುಲಭ ಉಪಾಯ. ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ, ಬೆಳಕು ಒಳಮುಖವಾಗಿ ಬೀಳುವಂತೆ ಟಾರ್ಚನ್ನು ಅದಕ್ಕೆ ರಬ್ಬರ್ ಬಳೆಯಿಂದ ಕಟ್ಟಿ. ಕಣ್ಣಿಗೆ ಚುಚ್ಚುವ ಬೆಳಕು ಹಾಲಿನಂತೆ ಹರಡಿ ಇಡೀ ಡೇರೆ ಬೆಳಗುತ್ತದೆ. ದೀಪವನ್ನು ನೆತ್ತಿಗೆ ತೂಗುಹಾಕದೆ ಬಾಗಿಲ ಮೂಲೆಯಲ್ಲಿ ನೆಲದ ಮೇಲಿಡಿ.

ಗೋಡೆ ಚೀಲ

ಡೇರೆಯಲ್ಲಿ ಕಪಾಟಿಲ್ಲ, ಗೂಡಿಲ್ಲ. ಕನ್ನಡಕ, ಬಾಚಣಿಗೆ, ಔಷಧಿ ಎಲ್ಲವೂ ಹಾಸಿಗೆಯ ಕೆಳಗೆ ಸೇರಿ ಹುಡುಕಾಟವೋ ಹುಡುಕಾಟ. ಗೋಡೆ ಚೀಲ ಹೊಲಿಯಿರಿ. 24 ಅಂಗುಲ ಉದ್ದ, 18 ಅಂಗುಲ ಅಗಲದ ಗಟ್ಟಿ ಬಟ್ಟೆ ತೆಗೆದುಕೊಂಡು ಸುತ್ತ ಅಂಚು ಮಡಚಿ ಹೊಲಿಯಿರಿ. ಅದರ ಮೇಲೆ 8 ಅಂಗುಲ ಎತ್ತರದ ಎರಡು ಸಾಲು ಜೇಬು. ಕೆಳಸಾಲಿನಲ್ಲಿ ಎರಡು ದೊಡ್ಡವು, ಮೇಲಿನ ಸಾಲಿನಲ್ಲಿ ಮೂರು ಚಿಕ್ಕವು. ಹಳೆ ಪ್ಯಾಂಟಿನ ಜೇಬುಗಳನ್ನೇ ಬಿಡಿಸಿ ಕೂಡಿಸಿದರೆ ಅರ್ಧ ಕೆಲಸ ಉಳಿಯಿತು. ಮೇಲಂಚಿಗೆ ಮೂರು ಲಾಡಿ ಹಾಕಿ ಒಳಗಿನ ಕೊಂಡಿಗಳಿಗೆ ಕಟ್ಟಿ.

ಬಾಗಿಲ ಪಕ್ಕದ ಜೇಬಿನಲ್ಲಿ ಟಾರ್ಚು ಮತ್ತು ಒಂದು ಸೀಟಿ ಸದಾ ಇರಲಿ. ರಾತ್ರಿ ಹೊರಗೆ ಹೋಗುವಾಗ ಇಬ್ಬರು ಹೋಗಬೇಕು, ಸೀಟಿ ಕೊರಳಲ್ಲಿರಬೇಕು ಎಂಬುದು ಮಗಳಿಗೂ ಮಗನಿಗೂ ಒಂದೇ ನಿಯಮ.

ತಿಂಡಿಯ ಡಬ್ಬಿಗೆ ಮಾತ್ರ ಗೋಡೆ ಚೀಲದಲ್ಲಿ ಜಾಗವಿಲ್ಲ. ಚಕ್ಕುಲಿಯ ಒಂದು ಚೂರು ಸಾಕು, ಇರುವೆ ಬರುತ್ತದೆ. ಇಲಿ, ಕೋತಿಗಳಾದರೆ ಬಟ್ಟೆಯನ್ನೇ ಹರಿದು ಒಳಗೆ ಬರುತ್ತವೆ. ಬುತ್ತಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಡೇರೆಯಿಂದ ದೂರದಲ್ಲಿಡಿ.

ಹುಳ ಹುಪ್ಪಟೆಗೆ ತಡೆ

ಸೊಳ್ಳೆಪರದೆಯ ತೂತಿಗೆ ಎರಡೂ ಕಡೆಯಿಂದ ಪರದೆ ಬಟ್ಟೆಯ ತುಂಡಿಟ್ಟು ಸುತ್ತ ಹೊಲಿಯಿರಿ. ಜಿಪ್ಪಿನ ಎರಡು ತಲೆಗಳು ಸೇರುವ ಮೂಲೆಯಲ್ಲಿ ಉಳಿಯುವ ಸಂದಿಗೆ ಒಂದು ಅಂಗುಲ ವೆಲ್ಕ್ರೊ ಪಟ್ಟಿ ಹಾಕಿ. ಜಿಪ್ಪು ಬಿಗಿಯಾದರೆ ಮೇಣದಬತ್ತಿ ಉಜ್ಜಿ. ಹಲ್ಲು ಕೂಡದೆ ಬಾಯಿ ಬಿಟ್ಟರೆ ತಲೆಯನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ. ಇದು ನಿಮಗೆ ಹೊಸದೇನಲ್ಲ.

ಮಲೆನಾಡಿನ ಕಡೆ ಹೋಗುವವರು ಉಣುಗಿನ ಬಗ್ಗೆ ಎಚ್ಚರವಾಗಿರಬೇಕು. ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು. ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಶಿಬಿರಗಳ ಕಾಲದಲ್ಲೇ. ಆ ಭಾಗಕ್ಕೆ ಹೋಗುವ ಮುನ್ನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕಾಯಿಲೆ ಇದೆಯೆಂದರೆ ಕಾಡಿಗೆ ಹೋಗುವುದೇ ಬೇಡ. ಬೇರೆ ಕಡೆಯಲ್ಲೂ ತರಗೆಲೆಯ ಮೇಲೆ ಬರಿದೇ ಕೂರಬಾರದು. ಪೈಜಾಮದ ಕಾಲಿಗೆ ಎಲಾಸ್ಟಿಕ್ ಹಾಕಿ ಕಾಲುಚೀಲದೊಳಗೆ ಸೇರಿಸಿ. ಸಂಜೆ ಮಕ್ಕಳ ಕಂಕುಳು, ಮೊಣಕಾಲ ಹಿಂದೆ, ಕಿವಿಯ ಹಿಂದೆ ನೋಡಿ. ಹಿಂದಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಕಾಡಿನಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕುವಂತೆಯೂ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು.

ರಿಪೇರಿ ಡಬ್ಬಿ

ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇವಿಷ್ಟು ಇರಲಿ:

ಗಟ್ಟಿ ಸೂಜಿ ಎರಡು, ನೈಲಾನ್ ದಾರದ ಉಂಡೆ ಒಂದು.

ಛತ್ರಿ ಬಟ್ಟೆಯ ತೇಪೆಗಳು. ಮೂಲೆಗಳನ್ನು ದುಂಡಗೆ ಕತ್ತರಿಸಿ, ಏಕೆಂದರೆ ಅಂಟಿಸಿದ ತೇಪೆ ಮೊದಲು ಏಳುವುದು ಮೂಲೆಯಿಂದಲೇ.

ಅಗಲವಾದ ಬಟ್ಟೆಯ ಟೇಪು. ಪೆನ್ಸಿಲಿಗೆ ಎರಡು ಗಜ ಸುತ್ತಿಟ್ಟರೆ ಸಾಕು.

ನಾಲ್ಕು ಅಂಗುಲದ ಕೊಳವೆ ತುಂಡು. ಡೇರೆಯ ಕೋಲು ಒಳಗೆ ಹೋಗುವಷ್ಟು ಅಗಲವಿರಬೇಕು. ಕೋಲು ಮುರಿದರೆ ಮುರಿದ ಜಾಗಕ್ಕೆ ಇದನ್ನು ತೊಡಿಸಿ ಎರಡೂ ಕಡೆ ಟೇಪು ಸುತ್ತಿ. ಕೈ ಮುರಿದವರಿಗೆ ದಬ್ಬೆ ಕಟ್ಟಿದಂತೆ. ಮುರಿದ ಫೈಬರ್ ಕೋಲನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೂದಲೆಳೆಯಂಥ ಸಿಬಿರು ಚುಚ್ಚುತ್ತದೆ.

ಸೈಕಲ್ ಟ್ಯೂಬಿನ ಬಳೆ ಆರು, ಗೋಲಿ ನಾಲ್ಕು, ಪಿನ್ನು ಆರು, ಮೇಣದಬತ್ತಿಯ ತುಂಡು ಒಂದು.

ಮರಳಿ ಬಂದ ಮೇಲೆ

ಮಕ್ಕಳು ಬಂದವರೇ ಡೇರೆಯ ಗಂಟನ್ನು ಮೂಲೆಗೆಸೆದು ಮಲಗುತ್ತಾರೆ. ಡೇರೆಗಳು ಕಾಡಿನಲ್ಲಿ ಹಾಳಾಗುವುದಕ್ಕಿಂತ ಮನೆಯ ಮೂಲೆಯಲ್ಲಿ ಹಾಳಾಗುವುದೇ ಹೆಚ್ಚು. ತೇವ ಉಳಿದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ, ಲೇಪ ಜಿಗುಟಾಗಿ ಸುಲಿಯುತ್ತದೆ. ಅದೇ ದಿನ ಬಿಚ್ಚಿ ನೆರಳಿನಲ್ಲಿ ಪೂರ್ತಿ ಒಣಗಿಸಿ. ಕೊಳೆಯಿದ್ದರೆ ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ವಾಷಿಂಗ್ ಮೆಷಿನ್, ಸೋಪಿನಪುಡಿ, ಇಸ್ತ್ರಿ ಮೂರೂ ಬೇಡ. ಅದರದೇ ಬಿಗಿ ಚೀಲಕ್ಕೆ ತುರುಕದೆ, ಹಳೆಯ ದಿಂಬಿನ ಹತ್ತಿಗವಸಿನಲ್ಲಿ ಸಡಿಲವಾಗಿ ತುಂಬಿ, ಗಾಳಿಯಾಡುವ ಕಡೆ ಇಡಿ.

ಮೊದಲ ರಾತ್ರಿ ತಾರಸಿಯಲ್ಲಿ

ಇಷ್ಟೆಲ್ಲ ಹೊಲಿದು ಕಟ್ಟಿದ ಮೇಲೆ ನೇರವಾಗಿ ಹೊಳೆ ದಂಡೆಗೆ ಹೊರಡಬೇಡಿ. ಒಂದು ಶನಿವಾರ ರಾತ್ರಿ ತಾರಸಿಯ ಮೇಲೆ ಡೇರೆ ಹಾಕಿ. ಗೂಟದ ಬದಲು ನಾಲ್ಕು ಮೂಲೆಗೆ ನೀರು ತುಂಬಿದ ಬಕೆಟ್ಟುಗಳು ಸಾಕು. ಮಗಳೇ ಕೋಲು ಜೋಡಿಸಲಿ, ಮಗಳೇ ಹಗ್ಗ ಎಳೆಯಲಿ, ಕತ್ತಲಲ್ಲಿ ಟಾರ್ಚು ಎಲ್ಲಿದೆಯೆಂದು ಕೈಯಿಂದ ತಡವಿ ಹುಡುಕಲಿ. ನೀವೂ ಜೊತೆಗೆ ಮಲಗಿ. ಕೆಳಗೆ ಕಂಬಳಿ ಸಾಲದೋ, ಕಿಂಡಿ ಚಿಕ್ಕದಾಯಿತೋ, ಪರದೆ ಗಿಡ್ಡವಾಯಿತೋ ಆ ಒಂದು ರಾತ್ರಿಯಲ್ಲಿ ತಿಳಿದುಹೋಗುತ್ತದೆ. ಮರುದಿನ ಸೂಜಿ ದಾರ ಕೈಗೆ ತೆಗೆದುಕೊಂಡರಾಯಿತು.

ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದು ತೋರಿಸಿ. "ಹುಡುಗೀನ ಎಲ್ಲಿಗೆ ಕಳಿಸ್ತೀಯಮ್ಮಾ?" ಎಂದು ಕೇಳುವ ಅತ್ತೆಯವರು ಡೇರೆಯೊಳಗೆ ಕೂತು, ಗೋಡೆ ಚೀಲ ನೋಡಿ, ಕಂಬಳಿ ಮುಟ್ಟಿ ನೋಡಿದ ಮೇಲೆ ಅವರ ಅರ್ಧ ಭಯ ಹೋಗಿರುತ್ತದೆ. ಉಳಿದರ್ಧಕ್ಕೆ ಶಿಬಿರದಲ್ಲಿ ಯಾರು ಜೊತೆಗಿರುತ್ತಾರೆ, ಶಿಕ್ಷಕಿಯರು ಎಷ್ಟು ಮಂದಿ, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಶಾಲೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಕೇಳುವುದರಲ್ಲಿ ಸಂಕೋಚವೇನು? ಸರಿಯಾದ ಉತ್ತರ ಸಿಕ್ಕರೆ, ಮುಂದಿನ ವರ್ಷದವರೆಗೆ ಕಾಯಿಸದೆ ಈ ವರ್ಷವೇ ಮಗಳ ಹೆಸರು ಕೊಟ್ಟುಬಿಡಿ.